ಮೂರು ಚುಕ್ಕಿಯ ಬಾಗಿಲು

ಅಥವಾ ನೀಲಿಯೇ ಇದ್ದಿರಬಹುದು. ಸೇಲಂ ಹತ್ತಿರದ ಕಡಯಂಪಟ್ಟಿಯಲ್ಲಿ ನಾನು ಒಂದೇ ದಿನದಲ್ಲಿ ಬಿಚ್ಚಿಹಾಕಿದ ಆ ದೊಡ್ಡ ಕಾರಿನ ಬಣ್ಣ ಹಸಿರು ಎಂದು ಹೇಳುತ್ತ ಬಂದೆ. ಬರೆಯಲು ಕೂತರೆ ಕೈ ನಿಲ್ಲುತ್ತದೆ. ಹಸಿರು ಎಂದು ನಿಜವಾಗಿ ನೆನಪಿದೆಯೋ, ಅಥವಾ ಎಷ್ಟೋ ವರ್ಷದ ಮೇಲೆ ಇನ್ನೊಂದು ಕಾರಿನ ಬಣ್ಣ ಕೆರೆಯುವಾಗ ಕಂಡ ಹಸಿರನ್ನು ಹಿಂದಕ್ಕೆ ಒಯ್ದು ಇದಕ್ಕೆ ಬಳಿದೆನೋ. ನನ್ನ ಕಸುಬು ಅದೇ ಆಗಿತ್ತಲ್ಲ. ಹಳೆಯದರ ಮೇಲೆ ಹೊಸದು ಬಳಿದು, ಮೊದಲಿಂದಲೂ ಹೀಗೇ ಇತ್ತು ಅನ್ನಿಸುವ ಹಾಗೆ ಮಾಡುವುದು.

ಸೇಲಂನಲ್ಲಿ ಐವತ್ತು ವರ್ಷ ಹಳೆಯ ಅಮೆರಿಕನ್ ಕಾರುಗಳ ಕೆಲಸ ಮಾಡಿದೆ. ಹುಡುಕುವುದು, ಕೊಳ್ಳುವುದು, ಇಲ್ಲದ ಸಾಮಾನು ಎಲ್ಲಿಂದಲಾದರೂ ತಂದು ಕೂಡಿಸುವುದು. ಮೊಣಕಾಲು ಕೈಕೊಟ್ಟ ಮೇಲೆ ಶೆಡ್ ಮುಚ್ಚಿದೆ. ಈಗ ಬೆಂಗಳೂರಿನಿಂದ, ಮೈಸೂರಿನಿಂದ ಹೊಸಬರು ಫೋನ್ ಮಾಡಿ ಕೇಳುತ್ತಾರೆ: ರಂಗಣ್ಣ, ಹಳೇ ಗಾಡಿ ನೋಡೋದು ಹೇಗೆ, ಯಾವುದಕ್ಕೆ ಕೈ ಹಾಕಬಾರದು? ಅವರಿಗಾಗಿ ಬರೆಯುತ್ತಿದ್ದೇನೆ. ಕಬ್ಬಿಣದ ಬಗ್ಗೆ ನಾನು ಹೇಳುವುದನ್ನು ನಂಬಬಹುದು. ಮಿಕ್ಕದ್ದು ನಿಮಗೆ ಬಿಟ್ಟಿದ್ದು.

ಕೊಳ್ಳಲು ಹೋದಾಗ ಬಾನೆಟ್ ಎತ್ತಬೇಡಿ. ಮಾರುವವನು ಅದನ್ನು ಒರೆಸಿಯೇ ಇಟ್ಟಿರುತ್ತಾನೆ. ಕಾಲ ಬಳಿಯ ಮ್ಯಾಟ್ ಎತ್ತಿ. ನೀರು ನಿಂತಿದ್ದರೆ ಅಲ್ಲಿ ಗೊತ್ತಾಗುತ್ತದೆ. ಒಂದು ಅಯಸ್ಕಾಂತವನ್ನು ಕರ್ಚೀಫಿನಲ್ಲಿ ಸುತ್ತಿ ಮೈಮೇಲೆಲ್ಲ ಆಡಿಸಿ. ಹಿಡಿಯದ ಕಡೆ ಒಳಗೆ ತಗಡಿಲ್ಲ, ಬರೀ ಪಟ್ಟಿ, ಗುಳಿ ಮುಚ್ಚಲು ಮೆತ್ತುವ ಲೇಪ. ನಮ್ಮ ಕಡೆ ಈ ಕಾರುಗಳನ್ನು ಜನ ‘ಕಪ್ಪಲ್’ ಅನ್ನುತ್ತಿದ್ದರು, ತಮಿಳಿನಲ್ಲಿ ಹಡಗು. ಮೊದಲು ಜವ್ವರಿಸಿ, ಅಂದರೆ ಸಾಬೂದಾನಿ ಮಿಲ್ಲಿನವರು ಕೊಂಡರು. ಅವರಿಗೆ ಬೇಸರವಾದ ಮೇಲೆ ಮದುವೆ ಬಾಡಿಗೆಗೆ ಓಡಿದವು. ಆಮೇಲೆ ಲಾರಿಯ ಡೀಸೆಲ್ ಎಂಜಿನ್ ಕೂರಿಸಿಕೊಂಡು ಮಾವಿನಕಾಯಿ ಹೊತ್ತವು. ಆದ್ದರಿಂದ ನೀವು ಕೊಳ್ಳುವ ಯಾವ ಕಾರೂ ಒಂದು ಕಾರಲ್ಲ. ಅದರಲ್ಲಿ ಮೂರು ನಾಲ್ಕು ಕಾರು ಇರುತ್ತವೆ.

ನನಗೆ ಕೆಲಸ ಕಲಿಸಿದವರು ಮುನುಸಾಮಿ ಮೇಸ್ತ್ರಿ. ಮನೆಮಾತು ಕನ್ನಡ, ಬೈಗುಳ ತಮಿಳು. ಮೊದಲ ತಿಂಗಳಲ್ಲೇ ನಾನು ಒಂದು ಕಾರಿನ ಎಡಗಡೆ ಚಕ್ರದ ಬೋಲ್ಟ್ ಐದನ್ನೂ ಮುರಿದು ಹಾಕಿದೆ. ಆ ಕಾಲದ ಕೆಲವು ಅಮೆರಿಕನ್ ಗಾಡಿಗಳಲ್ಲಿ ಎಡಗಡೆ ಚಕ್ರದ ನಟ್ಟು ಉಲ್ಟಾ ತಿರುಗುತ್ತದೆ. ನನಗೆ ಗೊತ್ತಿರಲಿಲ್ಲ, ಉದ್ದದ ಪೈಪು ಸಿಕ್ಕಿಸಿ ಮೈಭಾರ ಬಿಟ್ಟೆ. ಮೇಸ್ತ್ರಿ ಬಂದು ಮುರಿದ ತುಂಡುಗಳನ್ನು ನೋಡಿ ಹೇಳಿದ್ದು: “ಲೇ ರಂಗಾ, ಎತ್ತಿಗೂ ಬಲ ಐತೆ, ನಿಂಗೂ ಐತೆ. ಎತ್ತಿಗೆ ಕೇಳಾಕೆ ಬಾಯಿಲ್ಲ. ನಿಂಗೇನಾಗಿತ್ತು?”

ಅವರಿಂದ ಕಲಿತದ್ದರಲ್ಲಿ ಒಂದನ್ನು ನೀವು ಈಗ ಮಾಡುವುದಿಲ್ಲ. ಮಾಡಬೇಕಾಗಿಯೂ ಇಲ್ಲ. ನೀವು ಗಾಡಿ ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೊ ಹೊಡೆದುಕೊಳ್ಳುತ್ತೀರಿ, ನಟ್ಟು ಬೋಲ್ಟಿಗೆ ಪ್ಲಾಸ್ಟಿಕ್ ಚೀಲ, ಚೀಲಕ್ಕೆ ಚೀಟಿ. ನಮಗೆ ಸೆಂಟರ್ ಪಂಚ್ ಇತ್ತು, ಮೊನೆಯಿರುವ ಉಕ್ಕಿನ ಕಡ್ಡಿ. ಬಿಚ್ಚುವ ಪ್ರತಿಯೊಂದು ತುಂಡಿಗೂ, ಅದು ಕೂತಿದ್ದ ಜಾಗಕ್ಕೂ, ಕಣ್ಣಿಗೆ ಬೀಳದ ಕಡೆ ಅದರಿಂದ ಗುರುತು ಕುಟ್ಟುತ್ತಿದ್ದೆವು. ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ಗುರುತು. ನನ್ನದು ಮೂರು ಚುಕ್ಕಿ, ಒಲೆಯ ಕಲ್ಲು ಇಟ್ಟ ಹಾಗೆ. ಬಾಗಿಲಾದರೆ ಅದು ತಿರುಗುವ ಕೆಳಗಿನ ಹಿಂಜಿನ ಹಿಂದೆ ಹೆಬ್ಬೆರಳು ತಾಗುವ ಜಾಗ. ಯಾರೂ ಹೇಳಿಕೊಟ್ಟದ್ದಲ್ಲ, ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಐವತ್ತು ವರ್ಷ ಅಲ್ಲಿಗೇ ಹೋಯಿತು.

ಕಡಯಂಪಟ್ಟಿಯ ದಿನದ ಬಗ್ಗೆ ನನಗೆ ಖಂಡಿತ ಗೊತ್ತಿರುವುದು ಇಷ್ಟು. ಆಗ ನನಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಮಧ್ಯಾಹ್ನ. ಒಂದು ಹಳೆಯ ಇಟ್ಟಿಗೆ ಗೂಡಿನ ಹಿಂದೆ ಕಪ್ಪಲ್ ಒಂದು ನಿಂತಿತ್ತು. ನಂಬರ್ ಪ್ಲೇಟ್ ಇರಲಿಲ್ಲ. ಬಾನೆಟ್ ಮೇಲೆ ಕೈ ಇಟ್ಟರೆ ಎಂಜಿನ್ ಬಿಸಿ ಇನ್ನೂ ಆರಿರಲಿಲ್ಲ. ಯಾರ ಗಾಡಿ ಎಂದು ಕೇಳಿದೆ.

“ಚುಮ್ಮಾ ಇರು,” ಅಂದರು ಮೇಸ್ತ್ರಿ. “ಬಾಯ್ ಮುಚ್ಕೊಂಡ್ ಬಿಚ್ಚು. ಒತ್ತು ಮುಳುಗೋದ್ರೊಳ್ಗೆ ಇಲ್ಲಿ ಗಾಡಿ ಇತ್ತು ಅಂತ ನಂಗೇ ಗೊತ್ತಾಗ್ಬಾರ್ದು.”

ಬಿಚ್ಚಿದೆ. ಗುರುತು ಕುಟ್ಟಿದೆ. ತಿರುಗಿ ಜೋಡಿಸುವುದಿಲ್ಲ ಎಂದು ಗೊತ್ತಿದ್ದರೂ ಯಾಕೆ ಕುಟ್ಟಿದೆ ಎಂದರೆ, ಕೈ ಬಿಡಲಿಲ್ಲ. ಸಂಜೆಗೆ ಬಾಗಿಲು ಒಂದು ಕಡೆ, ಗಾಜು ಒಂದು ಕಡೆ, ಮೈ ಒಂದು ಲಾರಿಯ ಮೇಲೆ ಹೋಯಿತು. ಮೇಸ್ತ್ರಿ ಆಮೇಲೆ ಹದಿನೈದು ವರ್ಷ ಬದುಕಿದ್ದರು. ಆ ದಿನದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇದಕ್ಕಿಂತ ಹೆಚ್ಚು ಏನಾದರೂ ಅಲ್ಲಿ ಕಂಡೆನೇ? ಕಂಡೆ ಎಂದು ಈಗ ಅನ್ನಿಸುತ್ತದೆ. ಅದನ್ನು ಅದು ನೆನಪಾದ ಜಾಗದಲ್ಲೇ ಹೇಳುತ್ತೇನೆ. ಇಲ್ಲಿ ಹೇಳಿದರೆ ಸುಳ್ಳಾಗುತ್ತದೆ.

ನನ್ನ ಕೊನೆಯ ಕೆಲಸ ತಂದುಕೊಟ್ಟವರು ಲಕ್ಷ್ಮಿ ಟೀಚರ್. ಸೇಲಂನ ಶಾಲೆಯೊಂದರಲ್ಲಿ ಲೆಕ್ಕದ ಟೀಚರ್ ಆಗಿ ನಿವೃತ್ತರಾದವರು. ಊರು ಮಾರಂಡಹಳ್ಳಿ. ಶೆಡ್ಡಿಗೆ ಬಂದು, ಕೊಡೆ ಮಡಿಸಿ, ನಿಂತೇ ಮಾತಾಡಿದರು. ಅವರ ಅಪ್ಪ ಚಿಕ್ಕಣ್ಣ ಒಂದು ಹಳೆಯ ಕಪ್ಪಲ್ ಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಟೀಚರಿಗೆ ಏಳು ವರ್ಷವಿದ್ದಾಗ ಒಂದು ಬೆಳಿಗ್ಗೆ ಸೇಲಂ ಬಾಡಿಗೆ ಎಂದು ಹೋದವರು ಬರಲಿಲ್ಲ. ಮನುಷ್ಯನೂ ಸಿಗಲಿಲ್ಲ, ಗಾಡಿಯೂ ಸಿಗಲಿಲ್ಲ.

“ಊಟದ ಕ್ಯಾರಿಯರ್‌ನಲ್ಲಿ ಮುದ್ದೆ ತಗೊಂಡ್ ಹೋದ್ರು,” ಅಂದರು. “ಆ ಕ್ಯಾರಿಯರೂ ಬರ್ಲಿಲ್ಲ.”

“ತಾಯಿ ಇದಾರಾ?” ಎಂದು ಕೇಳಿದೆ. ಆ ಹೊತ್ತಿಗೆ ನನ್ನನ್ನೂ ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

“ಅವ್ರಿಗಾಗೇ ಬಂದಿರೋದು ಮೇಸ್ತ್ರಿ. ಎಂಬತ್ತೈದಾಯ್ತು. ಇವತ್ತಿಗೂ ಕುಂಕುಮ ಇಡ್ತಾರೆ. ತಿಥಿ ಮಾಡೋಣ ಅಂದ್ರೆ ಒಪ್ಪಲ್ಲ. ಗಾಡಿ ಓಡ್ತಾ ಐತೆ, ಅವರು ಓಡಿಸ್ತಾ ಔರೆ ಅಂತಾರೆ. ಅವರನ್ನ ಬಿಟ್ಟು ಗಾಡಿ ಒಂದೇ ಬಂತು ಅಂದ್ರೆ ಆವಾಗ ನಂಬ್ತೀನಿ, ಆವಾಗ ಮಾಡಿ ಅಂತಾರೆ. ಐವತ್ತು ವರ್ಷದಿಂದ ಇದೇ ಮಾತು.”

“ಈಗ ಗಾಡಿ ಸಿಕ್ತಾ?”

“ಒಂದು ಮೈ ಸಿಕ್ಕೈತೆ. ಅದು ಅಪ್ಪಂದೋ ಅಲ್ವೋ ನೀವು ಹೇಳ್ಬೇಕು. ಅದಕ್ಕೇ ಸರಿಮಾಡಿ ಅಂತಿರೋದು. ಸರಿಮಾಡದೆ ಅವ್ವ ಗುರುತು ಹಿಡಿಯಲ್ಲ.”

ಎಷ್ಟು ವಿಚಿತ್ರವಾದ ಕೆಲಸ ನೋಡಿ. ಅದು ಚಿಕ್ಕಣ್ಣನವರದೇ ಎಂದು ನಾನು ಹೇಳಿದ ಗಳಿಗೆಯಲ್ಲಿ ಒಬ್ಬ ಮನುಷ್ಯ ಸಾಯುತ್ತಾನೆ. ಅಲ್ಲ ಎಂದರೆ ಆ ಮುದುಕಿ ಕಾಯುತ್ತಲೇ ಇರುತ್ತಾಳೆ. ಅವತ್ತು ನನಗೆ ಅದು ಹೀಗೆ ಕಾಣಲಿಲ್ಲ. ಮೈ ಎಷ್ಟು ತುಕ್ಕು ತಿಂದಿದೆ ಎಂದು ಕೇಳಿದೆ.

ಮೈ ಇದ್ದದ್ದು ಮಾರಂಡಹಳ್ಳಿಯ ಹೊರಗೆ ಮುನಿಯಪ್ಪ ಎಂಬುವನ ಕುರಿರೊಪ್ಪದಲ್ಲಿ. ಟೀಚರ್ ಹುಟ್ಟಿದ ಮನೆಯ ಅಂಗಳದಿಂದ ಕೂಗಿದರೆ ಕೇಳಿಸುವಷ್ಟು ದೂರ. ಇಷ್ಟು ವರ್ಷ ಅಲ್ಲೇ ಇತ್ತು, ಮುಳ್ಳುಬೇಲಿಯ ಒಳಗೆ. ಎಂಜಿನ್ ಇಲ್ಲ, ಬಾಗಿಲಿಲ್ಲ, ಗಾಜಿಲ್ಲ, ಸ್ಟೇರಿಂಗ್ ಇಲ್ಲ. ಮುನಿಯಪ್ಪನ ತಾತ ಯಾವುದೋ ಲಾರಿಯವನಿಂದ ಕೊಂಡದ್ದಂತೆ. ಒಳಗೆ ಹುಲ್ಲು ಹಾಸಿ ಮರಿ ಕೂಡುತ್ತಿದ್ದರು.

“ತಗೊಂಡೋಗಿ ಸಾಮಿ,” ಅಂದ ಮುನಿಯಪ್ಪ. “ನನ್ ಮರಿಗೋಳು ಮೂರ್ ತಲೆಮಾರಿಂದ ಅಮೆರಿಕಾ ಕಾರಲ್ಲಿ ಮನಿಕ್ಕಂಡು ಕೊಬ್ಬಿಬಿಟ್ಟವೆ. ಇನ್ ಮೇಲೆ ಬಯಲಲ್ಲಿ ಮನಿಕ್ಕೊಳ್ಳಲಿ.” ಆಮೇಲೆ ದನಿ ತಗ್ಗಿಸಿದ. “ಒಂದ್ ಮಾತು. ಎಲ್ಲಾ ಇಂದ್ಗಡೆ ಮನಿಕ್ಕಂತವೆ. ಮುಂದ್ಗಡೆ, ಡ್ರೈವರ್ ಜಾಗಕ್ಕೆ ಒಂದೂ ಓಗಲ್ಲ. ನಾನೇ ಎತ್ತಾಕಿದ್ರೂ ಕಿರ್ಚ್‌ಕೊಂಡು ಈಚೆ ಬರ್ತವೆ.”

ಸೀಟಿನ ಸ್ಪ್ರಿಂಗ್ ಚುಚ್ಚುತ್ತಿರಬೇಕು ಎಂದು ಬಗ್ಗಿ ನೋಡಿದೆ. ಸೀಟೇ ಇರಲಿಲ್ಲ. ಸಮನಾದ ತಗಡು. ಹಿಂದುಗಡೆ ಗೊಬ್ಬರ ಮೊಣಕಾಲುದ್ದ ಇತ್ತು. ಮುಂದೆ, ಡ್ರೈವರ್ ಕೂರುವ ಅಗಲದಷ್ಟು ಜಾಗ ಒರೆಸಿಟ್ಟ ಹಾಗೆ ಖಾಲಿ.

ಗಾಡಿಗೆ ನಂಬರ್ ಇರುವುದಿಲ್ಲವೇ ಎಂದು ನೀವು ಕೇಳುತ್ತೀರಿ. ಬಾಗಿಲ ಕಂಬದ ಮೇಲೆ ನಂಬರ್ ತಗಡು ಇದ್ದ ಕಡೆ ಎರಡು ತೂತು ಉಳಿದಿತ್ತು. ಚಿಕ್ಕಣ್ಣನವರ ಕಾಗದಪತ್ರ ಅವರ ಜೊತೆಗೇ ಹೋಗಿತ್ತು. ಟೀಚರ್ ಹತ್ತಿರ ಇದ್ದ ಒಂದೇ ಫೋಟೊ ಕಪ್ಪುಬಿಳುಪು. ಅದರಲ್ಲಿ ಚಿಕ್ಕಣ್ಣನವರು ಕಾರಿನ ಮುಂದೆ ಅಡ್ಡ ನಿಂತು ನಂಬರನ್ನು ಮುಚ್ಚಿಬಿಟ್ಟಿದ್ದರು. ಮೈ ಕೆರೆದಾಗ ಬಿಳಿ, ಅದರ ಕೆಳಗೆ ಕರಿ, ಯಾರು ಯಾವಾಗ ಬಳಿದದ್ದೋ, ಅದರ ಕೆಳಗೆ ಹಸಿರು ಬಂತು. ಹಸಿರೇ ಎಂದರು ಟೀಚರ್. ಏಳು ವರ್ಷದ ಮಗುವಿನ ಕಣ್ಣು ನೋಡಿದ ಹಸಿರು.

ನಾನು ಮಾಡಿದ ದೊಡ್ಡ ತಪ್ಪು ಇದಕ್ಕೂ ಮುಂಚೆ, ಗಾಡಿ ಶೆಡ್ಡಿಗೆ ಬಂದ ಮೊದಲ ದಿನವೇ ಆಗಿಹೋಗಿತ್ತು. ಗಾಡಿ ಬಂತು, ಉಳಿದಿದ್ದ ಚೂರುಪಾರು ಬಿಚ್ಚಬೇಕು, ಪಂಚ್ ಕೈಗೆ ತೆಗೆದುಕೊಂಡೆ. ಬಾಗಿಲಿನ ಕಂಬಗಳಿಗೂ ಸೇರಿಸಿ ಎಲ್ಲ ಕಡೆ ಮೂರು ಚುಕ್ಕಿ ಕುಟ್ಟಿದೆ. ತುಕ್ಕಿನ ಮೇಲೆ, ಗೊಬ್ಬರದ ಮೇಲೆ. ಕೆಳಗೆ ಏನಿದೆ ಎಂದು ನೋಡಲಿಲ್ಲ. ಯಾವತ್ತು ನೋಡಿದ್ದೆ?

ಎರಡು ತಿಂಗಳ ಮೇಲೆ ಬಾಗಿಲು ಹುಡುಕಲು ಹೊರಟೆ. ಈಗಾದರೆ ಅಮೆರಿಕದಿಂದಲೇ ತರಿಸುತ್ತೀರಿ. ನಾನು ಹಳೆಯ ಪದ್ಧತಿಯವನು. ಹಳ್ಳಿಹಳ್ಳಿ ತಿರುಗಿ ಪಂಪ್‌ಶೆಡ್ಡು, ಕೋಳಿಗೂಡು, ಬಚ್ಚಲುಮನೆಗಳ ಬಾಗಿಲು ನೋಡುತ್ತಿದ್ದೆ. ಓಮಲೂರಿನ ಆಚೆ ಒಂದು ಬಾವಿಯ ಪಂಪ್‌ಶೆಡ್ಡಿಗೆ ಹಾಕಿದ್ದ ಡ್ರೈವರ್ ಕಡೆಯ ಬಾಗಿಲು ಸಿಕ್ಕಿತು. ಕೇಳಿದೆ, ಕೊಟ್ಟರು, ಬದಲಿಗೆ ಹೊಸ ತಗಡಿನ ಬಾಗಿಲು ಹಾಕಿಸಿಕೊಟ್ಟೆ.

ಬೇರೆ ಗಾಡಿಯ ಬಾಗಿಲು ಸುಲಭವಾಗಿ ಕೂರುವುದಿಲ್ಲ. ಒಂದೇ ಮಾಡೆಲ್ ಆದರೂ ಕೂರುವುದಿಲ್ಲ, ಪ್ರತಿ ಮೈಯೂ ತನ್ನ ಬಾಗಿಲಿನ ಜೊತೆ ಸವೆದಿರುತ್ತದೆ. ತಗಡಿನ ಚೂರು ಒತ್ತು ಕೊಡಬೇಕು, ಮರದ ಸುತ್ತಿಗೆಯಲ್ಲಿ ತಟ್ಟಬೇಕು, ಒಂದು ದಿನದ ಕೆಲಸ. ಈ ಬಾಗಿಲನ್ನು ಹಿಂಜಿಗೆ ಸಿಕ್ಕಿಸಿ ಕೈಬಿಟ್ಟೆ. ತಾನೇ ತಿರುಗಿ, ಮೆಲ್ಲಗೆ ಬಂದು, ಮುಚ್ಚಿಕೊಂಡಿತು. ಟಕ್ ಎಂದು ಬೀಗ ಬಿತ್ತು. ಶೆಡ್ಡಿನಲ್ಲಿ ನಾನೊಬ್ಬನೇ. ಹೊರಗೆ ಟೌನ್ ಬಸ್ಸಿನ ಸದ್ದು. ತೆಗೆಯಲು ಮನಸ್ಸು ಬರದೆ ಟೀ ಕುಡಿಯಲು ಹೋದೆ.

ವಾಪಸು ಬಂದು, ಬಾಗಿಲು ತೆಗೆದು, ಕೆಳಗಿನ ಹಿಂಜಿನ ಹಿಂದೆ ಹೆಬ್ಬೆರಳು ಹಾಕಿದೆ. ಬಣ್ಣದ ಅಡಿಯಲ್ಲಿ ಮೂರು ಚುಕ್ಕಿ ಇದ್ದವು. ನನ್ನವೇ. ನಾನು ಆ ಬಾಗಿಲಿಗೆ ಇನ್ನೂ ಪಂಚ್ ಹಾಕಿರಲಿಲ್ಲ.

ಕಂಬದ ಮೇಲೂ ಮೂರು ಚುಕ್ಕಿ ಇದ್ದವು, ಆದರೆ ಅವು ಎರಡು ತಿಂಗಳ ಹಿಂದೆ ನಾನು ಕುಟ್ಟಿದವು. ಅವುಗಳ ಕೆಳಗೆ, ಅದೇ ಜಾಗದಲ್ಲಿ, ಹಳೆಯ ಮೂರು ಇದ್ದವೇ? ಭೂತಗಾಜು ಇಟ್ಟು ನೋಡಿದೆ. ಹೊಸ ಮೊನೆ ಹಳೆಯ ಗುಳಿಗೇ ಇಳಿದ ಹಾಗೂ ಕಂಡಿತು, ಬರೀ ತುಕ್ಕಿನ ಗುಳಿಗೆ ಇಳಿದ ಹಾಗೂ ಕಂಡಿತು. ಕೈ ಒಂದು ಬೆರಳು ಆಚೆ ಹೋಗಿದ್ದರೆ ಸಾಕಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ.

ಬಾಗಿಲು ಕಡಯಂಪಟ್ಟಿಯದೇ ಇರಬೇಕು. ಇರಬೇಕು ಎನ್ನುತ್ತೇನೆ, ಖಂಡಿತ ಎನ್ನಲಾರೆ, ಯಾಕೆಂದರೆ ಆ ಮಾಡೆಲ್ಲನ್ನು ಮೇಸ್ತ್ರಿ ಹತ್ತಿರ ಇದ್ದಾಗ ಮೂರೋ ನಾಲ್ಕೋ ಬಿಚ್ಚಿದ್ದೇನೆ. ಮೈ ಯಾವುದರದು ಎಂದು ಹೇಳುವ ಒಂದೇ ಸಾಕ್ಷಿಯನ್ನು ನಾನೇ ಕುಟ್ಟಿ ಹಾಕಿದ್ದೆ.

ಆ ಸಂಜೆ ನನಗೆ ಕ್ಯಾರಿಯರ್ ನೆನಪಾಯಿತು. ಕಡಯಂಪಟ್ಟಿಯ ಕಾರಿನ ಮುಂದಿನ ಸೀಟಿನ ಮೇಲೆ ಹಿತ್ತಾಳೆಯ ಕ್ಯಾರಿಯರ್. ಮೇಸ್ತ್ರಿ ಮುಚ್ಚಳ ತೆಗೆದರು. ಮುದ್ದೆ ಇನ್ನೂ ಬೆಚ್ಚಗಿತ್ತು. ಇಬ್ಬರೂ ಹಂಚಿಕೊಂಡು ತಿಂದೆವು, ಹಸಿವಾಗಿತ್ತು. ತಿನ್ನುವಾಗ ಮೇಸ್ತ್ರಿ ಒಂದು ಸಲ ರಸ್ತೆ ಕಡೆ ತಿರುಗಿ ನೋಡಿದರು. ಇಷ್ಟೂ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಐವತ್ತು ವರ್ಷ ಬಾರದ್ದು ಅವತ್ತು ಯಾಕೆ ಬಂತು?

ಟೀಚರನ್ನು ಕರೆಸಿ ಬಾಗಿಲು ತೋರಿಸಿದೆ, ಎಲ್ಲ ಹೇಳಿದೆ. ಅವರು ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡರು. ಅಳಲಿಲ್ಲ.

“ಮೇಸ್ತ್ರಿ, ಕ್ಯಾರಿಯರು, ಮುದ್ದೆ, ಇದೆಲ್ಲ ಮೊದಲ ದಿನ ನಾನೇ ನಿಮಗೆ ಹೇಳಿದ್ದು. ಅದನ್ನೇ ನಂಗೆ ವಾಪಸ್ ಕೊಡ್ತಾ ಇದೀರಾ. ಪರೀಕ್ಷೇಲಿ ಮಕ್ಕಳು ಹಿಂಗೇ ಬರೀತಾರೆ, ಪ್ರಶ್ನೇನೇ ತಿರುಗಿಸಿ.”

“ನಂಗೂ ಅದೇ ಅನುಮಾನ ಟೀಚರ್.”

“ಹಂಗಾದ್ರೆ ನಾನು ಹೇಳ್ದೇ ಇರೋದು ಒಂದು ಹೇಳಿ. ಸಾರು ಏನಿತ್ತು?”

ಕಣ್ಣು ಮುಚ್ಚಿದೆ. “ಹುರುಳಿ.”

ಅವರು ಅಲ್ಲೇ ನಿಂತು ಮಾರಂಡಹಳ್ಳಿಗೆ ಫೋನ್ ಹಚ್ಚಿದರು, ತಾಯಿಯನ್ನು ಕರೆಸಿದರು. ತಾಯಿಯ ಹೆಸರು ಮಾದಮ್ಮ. ಸ್ಪೀಕರಿನಲ್ಲಿ ದನಿ ಗಟ್ಟಿಯಾಗಿ ಕೇಳಿಸಿತು.

“ಅವತ್ತು ಏನ್ ಸಾರು ಅಂತ ಈಗ ಕೇಳ್ತೀಯಲ್ಲೇ! ಉರ್ಳಿ ಬಿಟ್ರೆ ನಮ್ಮನೇಲಿ ಇನ್ನೇನಿತ್ತು? ವರ್ಸಾಪೂರ್ತಿ ಅದೇ. ಊರೆಲ್ಲಾ ಅದೇ.”

ಟೀಚರ್ ಫೋನ್ ಇಟ್ಟು, “ಇದು ಉತ್ತರ ಅಲ್ಲ,” ಅಂದರು. ನಾನೂ ಹೂಂ ಅಂದೆ. ಈ ಒಣ ಸೀಮೆಯಲ್ಲಿ ಯಾವ ಡ್ರೈವರನ ಕ್ಯಾರಿಯರ್ ತೆಗೆದರೂ ಅದೇ ಇರುತ್ತಿತ್ತು.

ಗಾಡಿ ಮುಗಿಯಲು ಇನ್ನೊಂದು ವರ್ಷ ಹಿಡಿಯಿತು. ಹಸಿರು ಬಳಿದೆ. ಆ ಕಾಲದ ಗಾಡಿಗಳು ಆರು ವೋಲ್ಟಿನವು, ಈಗ ಅದಕ್ಕೆ ಬ್ಯಾಟರಿಯೂ ಸಿಗುವುದಿಲ್ಲ, ಬಲ್ಬೂ ಸಿಗುವುದಿಲ್ಲ. ಆದ್ದರಿಂದ ಎಲ್ಲ ವೈರೂ ಕಿತ್ತು ಹನ್ನೆರಡು ವೋಲ್ಟಿಗೆ ಬದಲಾಯಿಸಬೇಕು. ನೀವೂ ಹಾಗೇ ಮಾಡಿ.

ಒಂದು ಬೆಳಿಗ್ಗೆ ಟೀಚರ್ ತಾಯಿಯನ್ನು ಕರೆತಂದರು. ಸಣ್ಣ ಆಳು, ನೆಟ್ಟಗಿನ ಬೆನ್ನು, ಹಣೆಯಲ್ಲಿ ಕಾಸಗಲ ಕುಂಕುಮ. ಆಟೋದಿಂದ ಇಳಿದು ಗಾಡಿಯ ಸುತ್ತ ಒಂದು ಸಲ ಬಂದರು, ಸಂತೆಯಲ್ಲಿ ದನ ನೋಡುವ ಹಾಗೆ.

“ಇದು ನಮ್ದಲ್ಲ,” ಅಂದರು.

“ಸರಿಯಾಗಿ ನೋಡವ್ವ,” ಅಂದರು ಟೀಚರ್.

“ನೋಡಿದ್ನಲ್ಲೇ. ನಮ್ದು ಇಷ್ಟು ಚೆಂದ ಎಲ್ಲಿತ್ತು? ಬಣ್ಣಾನೂ ಇದಲ್ಲ, ನೀಲಿ. ನಿಮ್ಮಪ್ಪ ಬಾಗ್ಲು ಆಕಿದ್ರೆ ಮೂರ್ ಮನೆ ಕೇಳ್ಸೋದು.” ನನ್ನ ಕಡೆ ತಿರುಗಿದರು. “ಕಷ್ಟಪಟ್ಟಿದ್ದೀಯ ಮಗಾ. ಆದ್ರೆ ಇದಲ್ಲ ಬಿಡು. ಅವರು ಓಡಿಸ್ತಾ ಔರೆ.”

ನನಗೆ ಹಗುರಾಯಿತು. ನಿಜ ಹೇಳುತ್ತೇನೆ, ಹಗುರಾಯಿತು. ಟೀಚರ್ ಮುಖ ಮಾತ್ರ ಬಾಡಿತು. ಇಬ್ಬರನ್ನೂ ಆಟೋದವರೆಗೆ ಬಿಡೋಣ, ಅದಕ್ಕೆ ಮುಂಚೆ ಗಾಡಿಯ ಕೀ ತೆಗೆದುಬಿಡೋಣ ಎಂದು ಕಿಟಕಿಯೊಳಗೆ ಬಗ್ಗಿದೆ. ಮೊಣಕಾಲು ಸೋತಿತು. ಸ್ಟೇರಿಂಗ್ ಮೇಲೆ ಕೈ ಊರಿದೆ. ಹಾರ್ನ್ ಆಯಿತು. ಎರಡು ಸಲ, ಒಂದು ಗಿಡ್ಡ, ಒಂದು ಉದ್ದ.

ಆಟೋ ಕಡೆ ಹೊರಟಿದ್ದ ಮಾದಮ್ಮ ಅಲ್ಲೇ ನಿಂತರು. ಸೆರಗು ತಲೆ ಮೇಲೆ ಎಳೆದುಕೊಂಡರು. ಹಿಂತಿರುಗಿ ನೋಡದೆ, ತೀರಾ ಮಾಮೂಲಿ ದನಿಯಲ್ಲಿ ಹೇಳಿದರು:

“ಲೇ ಲಕ್ಷ್ಮಿ, ನೀರಿಡು. ಕೈಕಾಲು ತೊಳ್ಕೊಳ್ಳಲಿ.”

ಆಮೇಲೆ ತಿರುಗಿದರು. ನನ್ನನ್ನು ದಾಟಿ, ಡ್ರೈವರ್ ಜಾಗವನ್ನು ನೋಡಿದರು. ಬಹಳ ಹೊತ್ತು. ನಾನೂ ಅಲ್ಲಿ ನೋಡಿದೆ. ಹೊಸ ರೆಕ್ಸಿನ್ ಹಾಕಿದ ಸೀಟು, ಖಾಲಿ. ಅವರು ಕಂಡದ್ದು ಆ ಖಾಲಿಯನ್ನೇ ಎಂದು ತೋರುತ್ತದೆ.

“ಸರಿ,” ಅಂದರು. “ಗಾಡಿ ಬಂತು.”

ಸೆರಗಿನ ತುದಿಯಿಂದ ಹಣೆ ಒರೆಸಿಕೊಂಡರು. ಯಾರೂ ಹೇಳಲಿಲ್ಲ, ಯಾರೂ ತಡೆಯಲೂ ಇಲ್ಲ. ಕೆಂಪು ಸ್ವಲ್ಪ ಹುಬ್ಬಿಗೆ ಹತ್ತಿತು. ಅದನ್ನು ಟೀಚರ್ ತಮ್ಮ ಹೆಬ್ಬೆರಳಿನಿಂದ ತೆಗೆದರು.

ತಾಯಿಯನ್ನು ಆಟೋದಲ್ಲಿ ಕೂರಿಸಿ ಟೀಚರ್ ಒಬ್ಬರೇ ವಾಪಸು ಬಂದರು. “ಮೇಸ್ತ್ರಿ, ಹಾರ್ನ್ ಆ ಗಾಡೀದೇ ತಾನೇ?”

ನಾನು “ಹೂಂ” ಅಂದೆ.

ತಿಂಗಳೊಳಗೆ ತಿಥಿ ಮಾಡಿದರು. ನನ್ನನ್ನೂ ಕರೆದರು. ಹೋದೆ, ಸಾಲಿನಲ್ಲಿ ಕೂತು ಉಂಡೆ. ಮಾದಮ್ಮ ಬಂದು, “ಇನ್ನೊಂದ್ ಸ್ವಲ್ಪ ಆಕಿಸ್ಕೊ ಮಗಾ, ನೀನಿಲ್ದಿದ್ರೆ ಇದಾಗ್ತಿರ್ಲಿಲ್ಲ,” ಎಂದು ನಿಂತು ಬಡಿಸಿದರು. ಅದಾದ ಎಂಟು ತಿಂಗಳಿಗೆ ಅವರು ತೀರಿಕೊಂಡರು. ನಿದ್ದೆಯಲ್ಲಿ ಹೋದರಂತೆ. ಎಷ್ಟೋ ವರ್ಷದ ಮೇಲೆ ಅವ್ವ ನಿದ್ದೆ ಮಾಡಿದ್ದೇ ಆ ಎಂಟು ತಿಂಗಳು ಎಂದರು ಟೀಚರ್.

ನಾನು ಏಳನೆಯವರೆಗೆ ಓದಿದ್ದು ಕೊಳ್ಳೇಗಾಲದ ಕಡೆ, ಅಜ್ಜಿಯ ಊರಿನಲ್ಲಿ. ಅದಕ್ಕೆ ಕನ್ನಡ ಬರೆಯಲು ಬರುತ್ತದೆ. ಟೀಚರ್ ಓದಿದ್ದೆಲ್ಲ ತಮಿಳಿನಲ್ಲಿ, ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬರುವುದಿಲ್ಲ. ಇದನ್ನು ಕನ್ನಡದಲ್ಲಿ ಬರೆಯಲು ನಿಮ್ಮ ಫೋನ್ ಕರೆಗಳಷ್ಟೇ ಕಾರಣವಲ್ಲ.

ಆ ಹಾರ್ನನ್ನು ನಾನು ಮಾದಮ್ಮ ಬರುವ ಹಿಂದಿನ ವಾರ ಒಂದು ಗುಜರಿ ಅಂಗಡಿಯಲ್ಲಿ, ಒಂದು ಲಾರಿಯಿಂದ ಬಿಚ್ಚಿಸಿ ತಂದಿದ್ದೆ. ಅದು ಚಿಕ್ಕಣ್ಣನವರ ಹಾರ್ನ್ ಅಲ್ಲ. ಅದೊಂದು ನನಗೆ ಖಂಡಿತ ಗೊತ್ತು. ಮೈ ಅವರ ಗಾಡಿಯದೋ ಅಲ್ಲವೋ ಗೊತ್ತಿಲ್ಲ. ಕಡಯಂಪಟ್ಟಿಗೆ ಆ ಕಾರನ್ನು ಓಡಿಸಿಕೊಂಡು ಬಂದವರು ಯಾರು, ಬಂದಾಗ ಅದರಲ್ಲಿ ಎಷ್ಟು ಜನ ಇದ್ದರು, ಮೇಸ್ತ್ರಿಗೆ ಏನು ಗೊತ್ತಿತ್ತು, ನನಗೆ ಗೊತ್ತಿಲ್ಲ. ಚಿಕ್ಕಣ್ಣನವರು ಸತ್ತಿದ್ದಾರೆಯೇ ಎಂಬುದೂ ಗೊತ್ತಿಲ್ಲ.